9 ದಿನದಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್ ಮುಗ್ಸಿ ಬರ್ಬಹುದಾ?

ಪ್ರಶ್ನೆ: ಅಣ್ಣಾ, ನಾನು ಕಾರವಾರದವ, ದಿನಾ ಬೆಳಿಗ್ಗೆ ಬೀಚಲ್ಲಿ 5 ಕಿಲೋಮೀಟರ್ ಓಡ್ತೆ. ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಎರಡು ಪ್ಯಾಕೇಜ್ ನೋಡಿಟ್ಟಿದ್ದೆ, ಒಂದು 14 ದಿನದ್ದು, ಒಂದು 9 ದಿನದ್ದು. ರಜೆ ಕಮ್ಮಿ. ಫಿಟ್ ಇದ್ರೆ 9 ದಿನದ್ದು ಸಾಕಲ್ವಾ?

ತಮಾ, ಮೊದ್ಲು ಒಂದು ಹೇಳ್ಬಿಡ್ತೆ, ನಿನ್ನ ಓಟಕ್ಕೂ ಅಲ್ಲಿ ತಲೆನೋವು ಬರೋದಕ್ಕೂ ಸಂಬಂಧ ಇಲ್ಲ. ಓಡಿದ್ರೆ ದಮ್ಮು ಬರ್ತದೆ, ಕಾಲು ಗಟ್ಟಿ ಆಗ್ತದೆ, ಅದು ಬೇಕೇ ಬೇಕು, ಆದ್ರೆ ಎತ್ತರಕ್ಕೆ ಮೈ ಒಗ್ಗೋದೇ ಬೇರೆ ಲೆಕ್ಕ. ಇದು ನಂಗೆ ಗೊತ್ತಾಗಿದ್ದು ಬೇಸ್ ಕ್ಯಾಂಪ್ ದಾರಿಯಲ್ಲಿ ಸಿಗೋ ನಾಮ್ಚೆ ಬಜಾರ್ ಅನ್ನೋ ಊರಲ್ಲಿ. ಅಲ್ಲಿಗೆ ಹೋಗುವಾಗ ಕೊನೇಗೊಂದು ಉದ್ದ ಏರು ಸಿಗ್ತದೆ, ನಮ್ಮ ದೇವಿಮನೆ ಘಟ್ಟಕ್ಕಿಂತ ಏನು ಮಹಾ ಅಂತ ಗೈಡನ್ನೂ ಹಿಂದೆ ಹಾಕಿ ಹತ್ಬಿಟ್ಟೆ. ಸಂಜೆ ಹೊತ್ತಿಗೆ ತಲೆ ಒಳಗೆ ಒನಕೆ ಹಾಕಿ ಕುಟ್ಟಿದ ಹಾಗೆ, ಎದುರಿಗಿಟ್ಟ ದಾಲ್ ಭಾತ್ ನೋಡಿದ್ರೇ ವಾಕರಿಕೆ. ನಮ್ಮ ಗುಂಪಲ್ಲಿದ್ದ 58 ವರ್ಷದ ಅಕ್ಕ ಒಬ್ರು ನಂಗಿಂತ ಒಂದೂವರೆ ತಾಸು ತಡ ಮಾಡಿ ಬಂದು, ಎರಡು ಸಲ ಅನ್ನ ಹಾಕಿಸ್ಕೊಂಡು ಉಂಡು, ಬೆಚ್ಚಗೆ ಹೊದ್ದು ಮಲಗಿದ್ರು.

ಯಾಕೆ ಹೀಗಾಗ್ತದೆ ಅನ್ನೋದು ನಂಗೆ ಅರ್ಥ ಆಗಿದ್ದು ಒಂದು ಚಿಪ್ಸ್ ಪ್ಯಾಕೆಟ್ ನೋಡಿ. ಶಿರಸಿ ಪೇಟೇಲಿ ತಗೊಂಡ ಹಲಸಿನಕಾಯಿ ಚಿಪ್ಸು, ಬ್ಯಾಗಲ್ಲಿ ಇಟ್ಟಿದ್ದೆ, ಬೇಸ್ ಕ್ಯಾಂಪ್ ಹತ್ರದ ಲೋಬುಚೆಯಲ್ಲಿ ಹೊರಗೆ ತೆಗೆದ್ರೆ ಜಾತ್ರೆ ಬಲೂನ್ ಥರ ಬಿಗಿದುಕೊಂಡು ನಿಂತಿದೆ! ಒಳಗಿದ್ದಿದ್ದು ಶಿರಸಿ ಗಾಳಿ, ಹೊರಗಿನ ಒತ್ತಡ ಇಳಿದುಹೋಗಿದೆ, ಅಷ್ಟೇ. ಗಾಳಿಯಲ್ಲಿ ಆಕ್ಸಿಜನ್ ಪಾಲು ಕಾರವಾರದಲ್ಲೂ ಸುಮಾರು 21 ಪರ್ಸೆಂಟು, ಬೇಸ್ ಕ್ಯಾಂಪಲ್ಲೂ ಅಷ್ಟೇ, ಆದ್ರೆ 5364 ಮೀಟರಿನಲ್ಲಿ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಬರೋದ್ರಿಂದ ಒಂದೊಂದು ಉಸಿರಿಗೆ ಸಿಗೋದೂ ಅರ್ಧ. ಮೈ ಇದಕ್ಕೆ ಜೋರಾಗಿ ಉಸಿರಾಡಿ ಸರಿ ಮಾಡ್ಕೊಳ್ಳೋಕೆ ನೋಡ್ತದೆ, ಹಾಗೆ ಉಸಿರಾಡಿದ್ರೆ ರಕ್ತದ ಆಮ್ಲ-ಕ್ಷಾರ ಏರುಪೇರಾಗ್ತದೆ, ಹೆಚ್ಚಾದ ಕ್ಷಾರವನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕಿ ಸರಿದೂಗಿಸ್ಬೇಕು, ಕಿಡ್ನಿಗೆ ಇದಕ್ಕೆ ದಿನಗಳೇ ಬೇಕು, ನೀನು ಎಷ್ಟು ಫಿಟ್ ಇದ್ರೂ ಅದು ಅವಸರ ಮಾಡಲ್ಲ. ರಾತ್ರಿ ಆ ಚಳಿಯಲ್ಲಿ ಮೂರು ಮೂರು ಸಲ ಏಳ್ಬೇಕಾಗ್ತದೆ, ಬೈಕೊಬೇಡ, ಅದು ಒಳ್ಳೇ ಲಕ್ಷಣ.

ಅದಕ್ಕೇ 3000 ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಂದು ದಿನ ಅಲ್ಲೇ ನಿಲ್ಲಬೇಕು ಅನ್ನೋದು. ಹಗಲು ಎಷ್ಟು ಹತ್ತಿದೆ ಅನ್ನೋದಲ್ಲ, ರಾತ್ರಿ ಎಲ್ಲಿ ಮಲಗ್ತೆ ಅನ್ನೋದು ಮುಖ್ಯ.

ಈಗ ನಿನ್ನ 9 ದಿನಕ್ಕೆ ಬರೋಣ. ಪ್ಯಾಕೇಜ್ ಮೇಲೆ ಬರೆದ ದಿನ ನೋಡ್ಬೇಡ, ಹೋಗ್ತಾ ಕತ್ತರಿ ಹಾಕಿದಾರಾ ಬರ್ತಾ ಹಾಕಿದಾರಾ ಅದನ್ನ ನೋಡು. ಸರಿಯಾಗಿ ಹತ್ತೋರು ವಿಮಾನದಲ್ಲಿ ಬಂದು ಲುಕ್ಲಾದಲ್ಲಿ (2860 ಮೀಟರ್) ಇಳಿದು ಅವತ್ತು ಕೆಳಗಿನ ಫಾಕ್ಡಿಂಗಲ್ಲಿ ಮಲಗ್ತಾರೆ, ಮಾರನೇ ದಿನ ನಾಮ್ಚೆ (3440), ಅಲ್ಲಿ ಎರಡು ರಾತ್ರಿ, ಆಮೇಲೆ ಟೆಂಗ್ಬೊಚೆ (3860), ಡಿಂಗ್ಬೊಚೆ (4410) ಅಲ್ಲೂ ಎರಡು ರಾತ್ರಿ, ಆಮೇಲೆ ಲೋಬುಚೆ (4940). ಅಂದ್ರೆ ಬೇಸ್ ಕ್ಯಾಂಪ್ ಮುಟ್ಟೋಕೆ ಮುಂಚೆ ಏಳು ರಾತ್ರಿ. ಎಂಟನೇ ದಿನ ಗೊರಕ್ ಶೆಪ್ (5164), ಅವತ್ತೇ ಬೇಸ್ ಕ್ಯಾಂಪಿಗೆ ಹೋಗಿ ವಾಪಸ್ ಬಂದು ಅಲ್ಲೇ ಮಲಗೋದು, ಒಂಬತ್ತನೇ ದಿನ ಬೆಳಿಗ್ಗೆ ಪಕ್ಕದ ಕಾಲಾ ಪತ್ಥರ್ ಗುಡ್ಡ ಹತ್ತೋದು. ಇಷ್ಟೂ ಇಟ್ಟು, ಬರ್ತಾ ಮಾತ್ರ ಹೆಲಿಕಾಪ್ಟರಲ್ಲಿ ಇಳಿಸೋ 9 ದಿನದ ಪ್ಯಾಕೇಜು ಇರ್ತದೆ, ಅದು ಓಕೆ, ದುಡ್ಡು ಜಾಸ್ತಿ ಅಷ್ಟೇ. ನಡೆದೇ ಹೋಗಿ ನಡೆದೇ ಬಂದು 9 ದಿನ ಅಂದ್ರೆ ನಾಮ್ಚೆದೋ ಡಿಂಗ್ಬೊಚೆದೋ ನಿಲ್ಲೋ ದಿನ ಹಾರಿಸಿದಾರೆ ಅಂತಲೇ ಅರ್ಥ, ನನ್ನ ಸ್ವಂತ ತಮ್ಮ ಆದ್ರೂ ಕಳ್ಸೋದಿಲ್ಲ. ಕಂಪನಿಯವರ ಹತ್ರ ರಾತ್ರಿಗಳ ಪಟ್ಟಿ ಕೇಳು, ಊರು ಮತ್ತೆ ಎತ್ತರ ಹಾಕಿ ಕೊಡಿ ಅನ್ನು. ಕೊಡೋಕೆ ಹಿಂದೆಮುಂದೆ ನೋಡಿದ್ರೆ ಬೇರೆಯವರನ್ನ ನೋಡ್ಕೋ.

ಹಾಂ, ಕಾಲಾ ಪತ್ಥರ್ ಬಿಡ್ಬೇಡ. ಬೇಸ್ ಕ್ಯಾಂಪಿಂದ ಎವರೆಸ್ಟ್ ತುದಿ ಕಾಣೋದೇ ಇಲ್ಲ ಮಾರಾಯ, ಎಷ್ಟೋ ಜನಕ್ಕೆ ಅಲ್ಲಿಗೆ ಹೋದ್ಮೇಲೇ ಗೊತ್ತಾಗೋದು, ತುದಿಯ ಫೋಟೋ ಹೆಚ್ಚಿನವರು ಕಾಲಾ ಪತ್ಥರಿಂದಲೇ ತೆಗೆಯೋದು.

ಇನ್ನು ಲುಕ್ಲಾ ವಿಮಾನ. ರನ್‌ವೇ 527 ಮೀಟರು, ಅದೂ ಇಳಿಜಾರು, ಮೋಡ ಕವಿದ್ರೆ ವಿಮಾನ ಇಲ್ಲ. ಸೀಸನ್ನಲ್ಲಿ ಎಷ್ಟೋ ಫ್ಲೈಟು ಕಾಠ್ಮಂಡು ಬಿಟ್ಟು ರಾಮೆಛಾಪಿನಿಂದ ಹೋಗ್ತದೆ, ಅಲ್ಲಿಗೆ ರಾತ್ರಿಯೇ ಎದ್ದು ಗಾಡಿಯಲ್ಲಿ ನಾಲ್ಕೈದು ತಾಸು. ಮಳೆಗಾಲದಲ್ಲಿ ನಮ್ಮೂರ ದೋಣಿ ದಡದಲ್ಲಿ ಕಾಯೋ ಹಾಗೆ ಕಾಯೋದೇ, ಬೇರೆ ದಾರಿ ಇಲ್ಲ, ಅದಕ್ಕೆ ಎರಡು ದಿನ ಕೈಯಲ್ಲಿ ಇಟ್ಕೊ. ಗೋವಾದಿಂದ ದಿಲ್ಲಿ ಮೇಲೆ ಕಾಠ್ಮಂಡುಗೆ ಹೋಗಿ ಬರೋದೂ ಸೇರಿದ್ರೆ ಮನೆ ಬಿಟ್ಟು ಮನೆಗೆ ಬರೋಕೆ 17-18 ದಿನ ಹಿಡಿ. ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಒರಿಜಿನಲ್ಲೇ ಇರ್ಲಿ, ವೀಸಾ ನಮಗೆ ಬೇಡ.

ತಯಾರಿಗೆ ಬೀಚ್ ಓಟ ವಾರಕ್ಕೆ ಎರಡು ದಿನ ಸಾಕು, ಉಳಿದ ದಿನ ಸದಾಶಿವಗಡ ಹತ್ತಿ ಇಳಿ, ಭಾನುವಾರ ಗುಡ್ಡೆಹಳ್ಳಿ, ಬ್ಯಾಗಲ್ಲಿ 7-8 ಕಿಲೋ ಅಕ್ಕಿ ಹಾಕ್ಕೊಂಡು. ಇಳಿಯೋದೂ ತಯಾರಿನೇ, ಅಲ್ಲಿ ಮಂಡಿ ಹೋಗೋದು ಬರ್ತಾ. ಶೂ ಈ ಮಳೆಗಾಲದಲ್ಲೇ ಹಾಕಿ ಹಾಕಿ ಮೆತ್ತಗೆ ಮಾಡ್ಕೊ, ಉಂಬಳ ಹತ್ತಿದ್ರೆ ಹತ್ಲಿ.

ಎತ್ತರದ ತಲೆನೋವು ವಾಕರಿಕೆ ಬರದ ಹಾಗೆ ತಗೊಳ್ಳೋ ಡೈಮಾಕ್ಸ್ ಮಾತ್ರೆ ವಿಷಯ ಡಾಕ್ಟರ್ ಹತ್ರವೇ ಕೇಳು, ಸಲ್ಫಾ ಅಲರ್ಜಿ ಇದ್ರೆ ಮೊದ್ಲೇ ಹೇಳು. ತಲೆನೋವು ವಾಕರಿಕೆ ಇದ್ದಾಗ ಮೇಲೆ ಹತ್ತೋದು ಬೇಡ, ಅಲ್ಲೇ ಇರು. ಕುಡಿದವರ ಥರ ಕಾಲು ತಪ್ಪೋಕೆ ಶುರುವಾದ್ರೆ, ಇಲ್ಲ ಸುಮ್ನೆ ಕೂತಲ್ಲೇ ಏದುಸಿರು ಬಂದ್ರೆ, ರಾತ್ರಿ ಆಗಿದ್ರೂ ಕೆಳಗೆ ಇಳೀಲೇಬೇಕು. ಇನ್ಸೂರೆನ್ಸ್ ತಗೊಳ್ಳುವಾಗ ಎಷ್ಟು ಮೀಟರ್ ತನಕ ಕವರ್ ಅಂತ ಓದು, 3000ಕ್ಕೋ 4000ಕ್ಕೋ ನಿಲ್ಲೋ ಪಾಲಿಸಿ ಅಲ್ಲಿ ಕೆಲಸಕ್ಕೆ ಬರಲ್ಲ.

ರಜೆ ಎರಡೇ ವಾರ ಅಂತಾದ್ರೆ ಈ ಸಲ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಹೋಗು. 4130 ಮೀಟರು, ಪೋಖರಾದಿಂದ ಗಾಡಿಯಲ್ಲಿ ಹೋಗಿ ನಡೆಯೋಕೆ ಶುರು ಮಾಡೋದು, ಲುಕ್ಲಾ ವಿಮಾನದ ಕಾಟವೂ ಇಲ್ಲ. ಚಿಪ್ಸ್ ಪ್ಯಾಕೆಟ್ ಒಯ್ಯೋದಾದ್ರೆ ಸಣ್ಣ ತೂತು ಮಾಡಿ ಡಬ್ಬಿಗೆ ಹಾಕ್ಕೋ, ನಂದು ಗೊರಕ್ ಶೆಪಲ್ಲಿ ರಾತ್ರಿ ಹನ್ನೆರಡಕ್ಕೆ ಪಟ್ ಅಂತ ಒಡೆದು ಪಕ್ಕದ ರೂಮಿನವರೂ ಎದ್ದಿದ್ರು.