ಲಕ್ವ ಹೊಡೆದಾಗ ಮನೆಯಲ್ಲೇ ಇಕೋಸ್ಪ್ರಿನ್ ಕೊಡಬಹುದೇ?

ಪ್ರಶ್ನೆ: ಸ್ಟ್ರೋಕ್ ಆದವರಿಗೆ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರಂತೆ. ಹೊರಡುವ ಮೊದಲೇ ಒಂದು ಇಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ನುಂಗಿಸಿದರೆ ಅರ್ಧ ಕೆಲಸ ಆದಂತಲ್ಲವೇ?

ಉತ್ತರ: ಅಲ್ಲ. ದಯವಿಟ್ಟು ಕೊಡಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅದೂ ಓದಿಕೊಂಡವರಿಂದಲೇ. ಹಾರ್ಟ್ ಅಟ್ಯಾಕ್‌ಗೆ ಕೇಳಿದ ಸಲಹೆಯನ್ನು ಮೆದುಳಿಗೂ ಹಚ್ಚಿಬಿಡುತ್ತಾರೆ.

ಬಾಯಿ ಸೊಟ್ಟಗಾಗಿದೆ, ಕೈ ಮೇಲೇಳುತ್ತಿಲ್ಲ, ಮಾತು ತೊದಲುತ್ತಿದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡರೂ ಹೀಗೇ, ಒಡೆದರೂ ಹೀಗೇ. ಯಾವುದೆಂದು ಸಿಟಿ ಸ್ಕ್ಯಾನ್ ಇಲ್ಲದೆ ಪಳಗಿದ ವೈದ್ಯರೂ ಖಚಿತವಾಗಿ ಹೇಳಲಾರರು. ನಾಳ ಒಡೆದಿದ್ದರೆ ನಿಮ್ಮ ಮಾತ್ರೆಯಿಂದ ರಕ್ತಸ್ರಾವ ಹೆಚ್ಚಬಹುದು.

ಸರಿ, ಕಟ್ಟಿಕೊಂಡದ್ದೇ ಎಂದಿಟ್ಟುಕೊಳ್ಳೋಣ. ಆಗಲೂ ಇಕೋಸ್ಪ್ರಿನ್ ಹೆಪ್ಪು ಕರಗಿಸುವುದಿಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಹೊಸದಾಗಿ ಒಂದಕ್ಕೊಂದು ಅಂಟದಂತೆ ತಡೆಯುವುದಷ್ಟೇ ಅದರ ಕೆಲಸ. ಆಗಲೇ ಕೂತಿರುವ ಹೆಪ್ಪನ್ನು ಬಿಗಿದಿಟ್ಟಿರುವುದು ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ. ಆ ಎಳೆಗಳನ್ನು ಕತ್ತರಿಸುವುದು ಪ್ಲಾಸ್ಮಿನ್ ಎಂಬ ಕಿಣ್ವ. ನಮ್ಮ ರಕ್ತದಲ್ಲೇ ಸುಮ್ಮನಿರುವ ಪ್ಲಾಸ್ಮಿನೋಜನ್ನನ್ನು ಪ್ಲಾಸ್ಮಿನ್ ಆಗಿಸುವ ಔಷಧಿಗಳೇ ಆಲ್ಟೆಪ್ಲೇಸ್ ಮತ್ತು ಟೆನೆಕ್ಟೆಪ್ಲೇಸ್. ಆ ಇಂಜೆಕ್ಷನ್ ಕೊಟ್ಟ ಮೇಲೂ ಸಾಮಾನ್ಯವಾಗಿ 24 ಗಂಟೆ ಕಾದು, ಮತ್ತೊಮ್ಮೆ ಸ್ಕ್ಯಾನ್ ನೋಡಿ, ಆಮೇಲೆಯೇ ಇಕೋಸ್ಪ್ರಿನ್ ಶುರುಮಾಡುತ್ತಾರೆ. ವೈದ್ಯರೇ ಇಷ್ಟು ಕಾಯುವಾಗ ನಮಗೇಕೆ ಅವಸರ?

ಇನ್ನೊಂದು ಅಪಾಯವಿದೆ. ಸ್ಟ್ರೋಕ್ ಆದ ಅನೇಕರಿಗೆ ನುಂಗುವ ಶಕ್ತಿಯೇ ಕುಂದಿರುತ್ತದೆ. ಮಾತ್ರೆಯ ಜೊತೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಇಂಜೆಕ್ಷನ್ನಿನ ಲೆಕ್ಕ ಎಷ್ಟು ಕಟ್ಟುನಿಟ್ಟು ನೋಡಿ. ಆಲ್ಟೆಪ್ಲೇಸ್ ಕೆ.ಜಿ.ಗೆ 0.9 ಮಿ.ಗ್ರಾಂ. 60 ಕೆ.ಜಿ. ತೂಗುವವರಿಗೆ 54 ಮಿ.ಗ್ರಾಂ, ಅದರಲ್ಲಿ 5.4 ಮಿ.ಗ್ರಾಂ ಮೊದಲ ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆಯ ಡ್ರಿಪ್‌ನಲ್ಲಿ. ಅದಕ್ಕೂ ಮೊದಲು ಬಿ.ಪಿ. 185/110ಕ್ಕಿಂತ ಕೆಳಗಿರಬೇಕು. ಇಷ್ಟೆಲ್ಲ ಎಚ್ಚರಿಕೆ ಇದ್ದೂ 1995ರ ಅಮೆರಿಕದ ಪ್ರಯೋಗದಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಆದರೂ ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಸುಧಾರಿಸಿದವರು ಔಷಧಿ ಪಡೆದ ಗುಂಪಿನಲ್ಲೇ ಹೆಚ್ಚು. ಆಗ ಲಕ್ಷಣ ಶುರುವಾದ ಮೇಲೆ ಇಂಜೆಕ್ಷನ್ ಕೊಡಲು ಗಡುವು 3 ಗಂಟೆ. 2008ರ ಯುರೋಪಿನ ಪ್ರಯೋಗದ ನಂತರ ನಾಲ್ಕೂವರೆಯಾಯಿತು. ನಾಲ್ಕೂವರೆ ಇದೆಯಲ್ಲ ಎಂದು ನಿಧಾನಿಸಬೇಡಿ, ಒಂದನೇ ಗಂಟೆಗೆ ಸಿಗುವ ಫಲ ನಾಲ್ಕನೆಯದಕ್ಕೆ ಸಿಗದು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಬೆಳಿಗ್ಗೆ ಏಳುವಾಗಲೇ ಕೈ ಬಿದ್ದುಹೋಗಿದ್ದರೆ? ಗಂಟೆ ಎಣಿಸುವುದು ಎದ್ದ ಹೊತ್ತಿನಿಂದಲ್ಲ, ಅವರು ಸರಿಯಿದ್ದದ್ದನ್ನು ಕೊನೆಯದಾಗಿ ಕಂಡ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದ್ದರೆ ಹತ್ತರಿಂದಲೇ. ಹಾಗೆಂದು ಆಸೆ ಬಿಡಬೇಕಿಲ್ಲ. ಎಂಆರ್‌ಐ ನೋಡಿ ಕೆಲವರಿಗೆ ಆಗಲೂ ಇಂಜೆಕ್ಷನ್ ಕೊಡುತ್ತಾರೆ. ದೊಡ್ಡ ನಾಳ ಕಟ್ಟಿದ್ದರೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ತೊಡೆಸಂದಿಯಿಂದ ತಂತಿ ಹಾಯಿಸಿ ಹೆಪ್ಪನ್ನು ಹೊರಗೆಳೆಯಬಹುದು.

ಆದ್ದರಿಂದ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಅವರು ದಿನಾ ನುಂಗುವ ಮಾತ್ರೆಗಳ ಶೀಟುಗಳನ್ನು ಜೊತೆಗೊಯ್ಯಿರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥದ್ದು ಅದರಲ್ಲಿದ್ದರೆ ಕೇಳುವ ಮೊದಲೇ ವೈದ್ಯರಿಗೆ ಹೇಳಿ.