ಕೊನೆಗೆ ತುಂಬಿದ್ದೇ ಮೊದಲು ಇಳಿಯುತ್ತದೆ

ನೌಕಾಪಡೆಯ ಸರಬರಾಜು ವಿಭಾಗದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದವನು ನಾನು. ಈಗ ಕಾಲೇಜುಗಳಲ್ಲಿ ಮಾತಾಡಲು ಕರೆದರೆ ದಕ್ಷಿಣ ಅಟ್ಲಾಂಟಿಕ್‌ನ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ 1982ರ ಫಾಕ್‌ಲ್ಯಾಂಡ್ ಯುದ್ಧವನ್ನೇ ಆರಿಸಿಕೊಳ್ಳುತ್ತೇನೆ. ಭಾಷಣ ಮುಗಿಯುವುದೇ ತಡ, ಹಿಂದಿನ ಬೆಂಚಿನಿಂದ ಅದೇ ಪ್ರಶ್ನೆ: "ಸರ್, ಅರ್ಜೆಂಟೀನಾ ಹತ್ರ ಇನ್ನೊಂದು ಹತ್ತು ಎಕ್ಸೋಸೆಟ್ ಇದ್ದಿದ್ರೆ ಗೆಲ್ತಿತ್ತಲ್ವಾ?"

ಇರಬಹುದು. ಖಚಿತವಾಗಿ ಹೇಳುವುದು ಕಷ್ಟ. ಎಕ್ಸೋಸೆಟ್ ಅಂದರೆ ಹಡಗುಗಳನ್ನು ಹೊಡೆಯುವ ಕ್ಷಿಪಣಿ; ವಿಮಾನದಿಂದ ಹಾರಿಸುವಂಥವು ಅವರಲ್ಲಿ ಇದ್ದದ್ದು ಐದೇ. ನನಗೆ ಬೇಸರವಾಗುವುದು, ಆ ಕ್ಷಿಪಣಿ ಸುಟ್ಟ ಹಡಗಿನೊಳಗೆ ಏನಿತ್ತು ಎಂದು ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ ಕೇಳದಿದ್ದುದಕ್ಕೆ.

ಮೇ 25ರಂದು ಎಕ್ಸೋಸೆಟ್‌ಗೆ ಸಿಕ್ಕಿದ 'ಅಟ್ಲಾಂಟಿಕ್ ಕನ್ವೇಯರ್' ಯುದ್ಧನೌಕೆಯಲ್ಲ, ಕಂಟೈನರ್ ಸಾಗಿಸುವ ಬ್ರಿಟಿಷ್ ಸರಕು ಹಡಗು. ಕ್ಯಾಪ್ಟನ್ ಇಯಾನ್ ನಾರ್ತ್ ಸೇರಿ 12 ಜನ ಸತ್ತರು. ಭಾರೀ ಹೊರೆ ಹೊರುವ ಮೂರು ಚಿನೂಕ್, ಆರು ವೆಸೆಕ್ಸ್ ಹೆಲಿಕಾಪ್ಟರ್‌ಗಳು, ಸಾವಿರಾರು ಸೈನಿಕರಿಗೆ ಆಗುವಷ್ಟು ಟೆಂಟ್‌ಗಳು ಹೋದವು. ಆ ಹೊತ್ತಿಗೆ ಹಾರಾಟದಲ್ಲಿದ್ದ ಒಂದೇ ಒಂದು ಚಿನೂಕ್ ಉಳಿಯಿತು. ಅದರ ಬಿಡಿಭಾಗ, ರಿಪೇರಿ ಸಲಕರಣೆಗಳೆಲ್ಲ ಹಡಗಿನಲ್ಲೇ ಸುಟ್ಟುಹೋಗಿದ್ದವು. ಆದರೂ ಆ ಒಂದೇ ಯಂತ್ರ ಒಂದು ಸಲಕ್ಕೆ 81 ಸೈನಿಕರನ್ನು ನಿಲ್ಲಿಸಿಕೊಂಡು ಹಾರಿದ್ದಿದೆ. ಮಾಮೂಲಿ ಲೆಕ್ಕದ ಸುಮಾರು ಎರಡು ಪಟ್ಟು!

ಉಳಿದವರು ನಡೆದರು. ದಡಕ್ಕಿಳಿದ ಸ್ಯಾನ್ ಕಾರ್ಲೋಸ್‌ನಿಂದ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿ ಕಡೆಗೆ ಸುಮಾರು 90 ಕಿಲೋಮೀಟರ್, ಬೆನ್ನ ಮೇಲೆ ಮೂವತ್ತೈದು ಕಿಲೋ ಹೊರೆ. ರಸ್ತೆಯೆಂಬುದಿಲ್ಲ, ಕಾಲಿಟ್ಟಲ್ಲಿ ನೀರೊಸರುವ ಜೌಗು ನೆಲ. ಅಲ್ಲಿ ಅದು ಚಳಿಗಾಲದ ಆರಂಭ. ಬೂಟು ಒಣಗದೆ ಎಷ್ಟೋ ಜನರ ಪಾದ ಬಾತು, ಚರ್ಮ ಸತ್ತುಹೋಯಿತು.

ಇನ್ನು ನನ್ನ ಕಸುಬಿನ ಮಾತು. ಸಾಮಾನು ಹಡಗಿನಲ್ಲಿ ಇರುವುದು ಬೇರೆ, ಬೇಕಾದ ಹೊತ್ತಿಗೆ ಕೈಗೆ ಸಿಗುವುದು ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಯಾಡಿಸಿ ಮತ್ತೆ ಕ್ಷಿಪಣಿ ಎಣಿಸಲು ಕೂರುತ್ತಾರೆ. ಮದುವೆ ಮನೆಗೆ ಲಾರಿ ತುಂಬಿಸಿದವರನ್ನು ಕೇಳಿ. ಒಲೆ, ಕೊಪ್ಪರಿಗೆಗಳನ್ನು ಮೊದಲು ಏರಿಸಿ ಅದರ ಮೇಲೆ ಕುರ್ಚಿ, ಜಮಖಾನ, ಶಾಮಿಯಾನ ಹೇರಿದರೆ, ಅಲ್ಲಿ ಹೋದ ಮೇಲೆ ಲಾರಿ ಪೂರ್ತಿ ಖಾಲಿಯಾಗುವ ತನಕ ಅಡುಗೆ ಭಟ್ಟರು ಸುಮ್ಮನೆ ಕೂತಿರಬೇಕು. ಕೊನೆಗೆ ತುಂಬಿದ್ದೇ ಮೊದಲು ಇಳಿಯುತ್ತದೆ. ಹಡಗಿನಲ್ಲಿ ಈ ಲಾರಿ ಹಲವು ಅಂತಸ್ತು ಆಳ, ಸಮುದ್ರ ಅಲುಗಾಡುತ್ತಿರುತ್ತದೆ, ಮೇಲಿನಿಂದ ಬಾಂಬ್ ಬೀಳುತ್ತಿರುತ್ತದೆ.

ಏಪ್ರಿಲ್ 2ರಂದು ಅರ್ಜೆಂಟೀನಾ ದ್ವೀಪ ಹಿಡಿಯಿತು; 5ರಂದೇ ಬ್ರಿಟನ್ನಿನ ವಿಮಾನವಾಹಕಗಳು ಪೋರ್ಟ್ಸ್‌ಮತ್ ಬಿಟ್ಟವು. ಅವುಗಳಲ್ಲೊಂದಾದ 'ಹರ್ಮಿಸ್' ಮುಂದೆ 1987ರಲ್ಲಿ ನಮ್ಮ 'ವಿರಾಟ್' ಆಯಿತು. ಆ ಮೂರು ದಿನದ ಧಾವಂತದಲ್ಲಿ ಬಂದರಿಗೆ ಯಾವುದು ಬಂತೋ ಅದನ್ನು ಸಿಕ್ಕ ಹಡಗಿಗೆ ತುಂಬಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಸುಮಾರು 13,000 ಕಿಲೋಮೀಟರ್ ದಾರಿಯ ನಡುವೆ, ಅಸೆನ್ಷನ್ ದ್ವೀಪದಲ್ಲಿ ಅದನ್ನೆಲ್ಲ ಬಿಚ್ಚಿ ಮರುಜೋಡಿಸಬೇಕಾಯಿತು. ಅಲ್ಲಿ ದೊಡ್ಡ ಹಡಗು ಕಟ್ಟುವ ಬಂದರೇ ಇಲ್ಲ. ಹೆಲಿಕಾಪ್ಟರ್‌ಗೆ ತೂಗುಹಾಕಿ, ದೋಣಿಗೆ ಇಳಿಸಿ ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸಿದರು. ಆ ದಿನಗಳ ಬಗ್ಗೆ ಓದಿದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ಪದಕ ಸಿಗದ ದುಡಿಮೆ ಅದು.

ಹಾಗೆ ಜೋಡಿಸಿದ್ದೂ ಪೂರ್ತಿ ನಿಲ್ಲಲಿಲ್ಲ. ಮೇ 21ರಂದು ಸೈನ್ಯ ದಡಕ್ಕಿಳಿಯಿತು. ವಿಮಾನದಾಳಿ ಎಷ್ಟು ಬಿರುಸಾಗಿತ್ತೆಂದರೆ, ಪ್ರಯಾಣಿಕರ ಹಡಗು 'ಕ್ಯಾನ್‌ಬೆರಾ' ಅಂದು ರಾತ್ರಿಯೇ ಹೊರಸಮುದ್ರಕ್ಕೆ ಓಡಬೇಕಾಯಿತು, ಹೊಟ್ಟೆಯಲ್ಲಿ ಸೈನ್ಯದ ಸಾಕಷ್ಟು ಸಾಮಾನು ಹೊತ್ತುಕೊಂಡೇ. ಏಜಾಕ್ಸ್ ಬೇಯಲ್ಲಿ ಮಾಂಸ ಶೀತಲೀಕರಿಸುತ್ತಿದ್ದ ಹಳೆಯ ಕಾರ್ಖಾನೆಯೇ ಆಸ್ಪತ್ರೆಯಾಯಿತು. ಅಲ್ಲಿನ ಸರ್ಜನ್ ರಿಕ್ ಜಾಲಿ, ಕಟ್ಟಡದೊಳಗೆ ಸಿಡಿಯದ ಬಾಂಬ್ ಬಿದ್ದಿದ್ದರೂ ಎರಡೂ ಕಡೆಯ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಮುಂದೆ ಎರಡೂ ದೇಶಗಳು ಅವರನ್ನು ಗೌರವಿಸಿದವು.

ಒಮ್ಮೆ ಸಮರಾಭ್ಯಾಸಕ್ಕೆ ಹೊರಟಿದ್ದಾಗ ನಮ್ಮ ಹಡಗಿನಲ್ಲಿ ಒಂದು ಪಂಪ್ ಕೈಕೊಟ್ಟಿತು. ಅದಕ್ಕೆ ಬೇಕಾದ, ಸೋರಿಕೆ ತಡೆಯುವ ಸೀಲ್ ಸ್ಟೋರ್ಸ್‌ನಲ್ಲಿತ್ತು, ಪಟ್ಟಿಯಲ್ಲೂ ಇತ್ತು. ಅಕ್ಕಿ ಮೂಟೆಗಳ ಅಡಿಯಿಂದ ಅದನ್ನು ತೆಗೆಯಲು ಇಡೀ ರಾತ್ರಿ ಹಿಡಿಯಿತು. ಶಾಂತಿಕಾಲವಾದ್ದರಿಂದ ಬೆಳಿಗ್ಗೆ ಎಲ್ಲರೂ ಚಹಾ ಕುಡಿದು ಮಲಗಿದೆವು.

"ದೂರ ಇದ್ದವರಿಗೆ ಈ ತಾಪತ್ರಯ ಸರಿ, ಪಕ್ಕದಲ್ಲೇ ಇದ್ದವರಿಗೇನು?" ಎನ್ನುತ್ತಾರೆ. ಅರ್ಜೆಂಟೀನಾದ ದಡ ಸುಮಾರು 480 ಕಿಲೋಮೀಟರ್ ಅಷ್ಟೇ. ಅವರು ಸೋತದ್ದಕ್ಕೆ ಕಾರಣಗಳು ಹಲವು, ನಾನು ಸರಬರಾಜಿನ ಬಗ್ಗೆ ಮಾತ್ರ ಹೇಳಬಲ್ಲೆ. ಮೇ 2ರಂದು ಅವರ ಯುದ್ಧನೌಕೆ 'ಜನರಲ್ ಬೆಲ್‌ಗ್ರಾನೋ' 323 ಜನರೊಂದಿಗೆ ಮುಳುಗಿದ ಮೇಲೆ ಅವರ ನೌಕಾಪಡೆ ದಡಕ್ಕೆ ಸರಿಯಿತು. ಸಾಮಾನು ಸಾಗಿಸುವ ಹರ್ಕ್ಯುಲಿಸ್ ವಿಮಾನಗಳು ಮಾತ್ರ ಕೊನೆಯ ರಾತ್ರಿಯವರೆಗೂ ಸ್ಟ್ಯಾನ್ಲಿಗೆ ಬರುತ್ತಿದ್ದವು. ಅಲ್ಲಿಂದ, ಅವರ ಸೈನಿಕರು ಕಂದಕ ತೋಡಿ ಕೂತಿದ್ದ ಲಾಂಗ್‌ಡನ್ ಬೆಟ್ಟಕ್ಕೆ ಹತ್ತು ಕಿಲೋಮೀಟರೂ ಇಲ್ಲ. ಕಂದಕಗಳಲ್ಲಿದ್ದವರಲ್ಲಿ ಬಹಳಷ್ಟು ಜನ ಕಡ್ಡಾಯ ಸೇವೆಗೆ ಬಂದ ಹದಿನೆಂಟು, ಹತ್ತೊಂಬತ್ತರ ಹುಡುಗರು. ಹಸಿವು ತಡೆಯದೆ ಕುರಿ ಹಿಡಿದವರನ್ನು, ಊಟ ಕದ್ದವರನ್ನು ಅವರದೇ ಅಧಿಕಾರಿಗಳು ಹೆಪ್ಪುಗಟ್ಟುವ ನೆಲದ ಮೇಲೆ ಗೂಟಗಳಿಗೆ ಕಟ್ಟಿ ಮಲಗಿಸಿದ್ದನ್ನು ಬದುಕಿ ಬಂದವರು ಹೇಳಿದ್ದಾರೆ. ಜೂನ್ 14ರಂದು ಶರಣಾಗತಿಯಾಯಿತು. ಬ್ರಿಟಿಷರು ಸ್ಟ್ಯಾನ್ಲಿಯಲ್ಲಿದ್ದ ಕಂಟೈನರ್‌ಗಳ ಬಾಗಿಲು ತೆಗೆದರು. ಒಳಗೆ ಊಟದ ಡಬ್ಬಿಗಳು ತುಂಬಿದ್ದವು.