ಮುಂದಿನ ಮಗುವಿಗೂ ಬರುತ್ತದೆಯಾ? ಕ್ರೋಮೋಸೋಮ್, ಜೀನ್ ಮತ್ತು ಮಗುವಿನ ಬೆಳವಣಿಗೆ: ಅಧ್ಯಯನ ಟಿಪ್ಪಣಿ

ಬೆಂಗಳೂರಿನ ಯಾವುದೇ ಮಕ್ಕಳ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸ್ವಲ್ಪ ಹೊತ್ತು ಕೂತರೂ ಸಾಕು, ತಂದೆ ತಾಯಿ ಕೇಳುವ ಎರಡು ಪ್ರಶ್ನೆ ಕಿವಿಗೆ ಬೀಳುತ್ತವೆ. ‘ಇದು ಯಾಕೆ ಬಂತು?’ ‘ಮುಂದಿನ ಮಗುವಿಗೂ ಬರುತ್ತದೆಯಾ?’ ವಿಶೇಷ ಶಿಕ್ಷಣ ಓದುವ ನಮ್ಮ ಪಠ್ಯದಲ್ಲಿ ಇರುವುದು ಕಾಯಿಲೆಯ ಹೆಸರು, ಲಕ್ಷಣ, ಕ್ರೋಮೋಸೋಮ್ ಸಂಖ್ಯೆಯ ಪಟ್ಟಿ. ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ಬೇಗ ಮರೆತುಹೋಗುತ್ತದೆ. ಆ ಎರಡನೇ ಪ್ರಶ್ನೆಯನ್ನು ಹಿಡಿದು ಓದಿ. ಪಾಠ ತಾನಾಗಿ ಕೂಡಿಕೊಳ್ಳುತ್ತದೆ.

ಮೊದಲು ಬೇಕಾದಷ್ಟು ಮಾತ್ರ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್‌ಗಳು, ಅಂದರೆ 23 ಜೋಡಿ. ಈ ಲೆಕ್ಕ ಸರಿಯಾಗಿ ಗೊತ್ತಾದದ್ದೇ 1956ರಲ್ಲಿ. ಇವುಗಳ ಮೇಲೆ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಗಂಡು ಹೆಣ್ಣು ನಿರ್ಧರಿಸುವ ಕ್ರೋಮೋಸೋಮ್‌ಗಳಾದ ಎಕ್ಸ್ ಮತ್ತು ವೈ ಗಂಡಸರಲ್ಲಿ ಮಾತ್ರ ಇದಕ್ಕೆ ಹೊರತು. ತೊಂದರೆ ಎರಡು ಬಗೆಯಲ್ಲಿ ಆಗಬಹುದು. ಇಡೀ ಕ್ರೋಮೋಸೋಮ್ ಅಥವಾ ಅದರ ತುಂಡು ಹೆಚ್ಚು ಕಡಿಮೆ ಆಗಬಹುದು. ಇಲ್ಲವೇ ಒಂದು ಜೀನ್ ಒಳಗೆ ಮಾತ್ರ ಬದಲಾವಣೆ ಆಗಿರಬಹುದು.

ಡೌನ್ ಸಿಂಡ್ರೋಮ್ ಮೊದಲ ಬಗೆ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಇದನ್ನು 1959ರಲ್ಲಿ ಪ್ಯಾರಿಸ್‌ನಿಂದ ಪ್ರಕಟಿಸಿದರು. ಉತ್ತರದಲ್ಲಿ ಎಲ್ಲರೂ ಜೆರೋಮ್ ಲೆಜೂನ್ ಅಂತ ಬರೆಯುತ್ತಾರೆ. ಆ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸುವ ಕೆಲಸ ಕಟ್ಟಿ ನಿಲ್ಲಿಸಿದವರು ಮಾರ್ಥ್ ಗೋತಿಯೇ. ಆಕೆಯ ಹೆಸರನ್ನೂ ಬರೆಯಿರಿ, ಅದು ನ್ಯಾಯ.

21ನೇ ಕ್ರೋಮೋಸೋಮ್‌ನಲ್ಲಿ ಜೀನ್‌ಗಳು ತುಂಬಾ ಕಡಿಮೆ. ಮೂರು ಇದ್ದರೂ ಮಗು ಬದುಕಿ ಬೆಳೆಯುವುದು ಅದಕ್ಕೇ. 13 ಅಥವಾ 18ನೇ ಕ್ರೋಮೋಸೋಮ್ ಮೂರಾದರೆ ಹೆಚ್ಚಿನ ಶಿಶುಗಳು ಒಂದು ವರ್ಷ ದಾಟುವುದಿಲ್ಲ. 1ನೇ ಕ್ರೋಮೋಸೋಮ್ ಮೂರಾದ ಮಗುವನ್ನು ನಾವು ನೋಡುವುದೇ ಇಲ್ಲ, ಅಂಥ ಗರ್ಭ ಉಳಿಯುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದೇ ಕಾರಣ. ಭಾರ ಎತ್ತಿದೆ, ಪಪ್ಪಾಯ ತಿಂದೆ ಅಂತ ವರ್ಷಗಟ್ಟಲೆ ಕೊರಗುವ ಹೆಂಗಸರಿಗೆ ಇದನ್ನು ಯಾರಾದರೂ ಹೇಳಬೇಕು.

ಲೆಕ್ಕ ತಪ್ಪುವುದು ಎಲ್ಲಿ? ಬಹುಪಾಲು ಅಂಡಾಣು ತಯಾರಾಗುವಾಗ. ಹೆಣ್ಣುಮಗು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳಲ್ಲಿ ವಿಭಜನೆ ಶುರುವಾಗುತ್ತದೆ. ನಂತರ ಅರ್ಧದಲ್ಲಿ ನಿಲ್ಲುತ್ತದೆ. ಮುಂದುವರಿಯುವುದು ಆ ಅಂಡಾಣು ಬಿಡುಗಡೆಯಾಗುವ ತಿಂಗಳು. 38ನೇ ವಯಸ್ಸಿನಲ್ಲಿ ಗರ್ಭಿಣಿಯಾದರೆ ಆ ಅಂಡಾಣು 38 ವರ್ಷಕ್ಕೂ ಹೆಚ್ಚು ಕಾಲ ಕಾದಿರುತ್ತದೆ. ಅಷ್ಟರಲ್ಲಿ ಜೋಡಿಯನ್ನು ಹಿಡಿದಿಟ್ಟ ಪ್ರೋಟೀನ್ ಸಡಿಲವಾಗಿ, ಎರಡೂ ಒಂದೇ ಕಡೆ ಹೋಗಿಬಿಡಬಹುದು. 35ರಲ್ಲಿ ಡೌನ್ ಸಿಂಡ್ರೋಮ್ ಸಾಧ್ಯತೆ ಸುಮಾರು 350ರಲ್ಲಿ ಒಂದು, 40ರಲ್ಲಿ ಸುಮಾರು 100ರಲ್ಲಿ ಒಂದು. ಆದರೂ ಹೆರಿಗೆಗಳೇ ಜಾಸ್ತಿ ಇರುವುದರಿಂದ, ಡೌನ್ ಮಕ್ಕಳಲ್ಲಿ ಹಲವರು ಚಿಕ್ಕ ವಯಸ್ಸಿನ ತಾಯಂದಿರಿಗೇ ಹುಟ್ಟುತ್ತಾರೆ.

ಇನ್ನು ಪ್ರಶ್ನೆಗೆ ಬನ್ನಿ. ಮುಂದಿನ ಮಗುವಿಗೂ ಬರುತ್ತದೆಯಾ? ಹೀಗೆ ಬಿಡಿಯಾಗಿ ಮೂರಾಗಿದ್ದರೆ, ಚಿಕ್ಕ ವಯಸ್ಸಿನ ತಾಯಿಗೆ ಸಾಧ್ಯತೆ ಸುಮಾರು ಶೇ. 1. ‘ನಿಮ್ಮ ಮನೆತನದಲ್ಲೇ ಇದೆ’ ಎಂಬ ಮಾತಿಗೆ ಇಲ್ಲಿ ಆಧಾರವೇ ಇಲ್ಲ. ಆದರೆ ಶೇ. 3ರಿಂದ 4ರಷ್ಟು ಮಕ್ಕಳಲ್ಲಿ ಕಥೆ ಬೇರೆ. ಅವರ ಕ್ರೋಮೋಸೋಮ್ ಎಣಿಸಿದರೆ 46 ಮಾತ್ರ ಇರುತ್ತದೆ! ಹೆಚ್ಚುವರಿ 21 ಬೇರೊಂದಕ್ಕೆ, ಉದಾಹರಣೆಗೆ 14ಕ್ಕೆ, ಅಂಟಿಕೊಂಡಿರುತ್ತದೆ. ಆಗ ಆರೋಗ್ಯವಾಗಿರುವ ತಂದೆಯೋ ತಾಯಿಯೋ ಆ ಅಂಟಿದ ಜೋಡಿಯನ್ನು ಹೊತ್ತಿರಬಹುದು. ತಾಯಿ ಹೊತ್ತಿದ್ದರೆ ಮತ್ತೆ ಬರುವ ಸಾಧ್ಯತೆ ಶೇ. 10ರಿಂದ 15. ತಂದೆಯಾದರೆ ತುಂಬಾ ಕಡಿಮೆ. ಎರಡು 21ಗಳೇ ಒಂದಕ್ಕೊಂದು ಅಂಟಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಮುಖ ನೋಡಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಲಕ್ಷಣ ಎಷ್ಟೇ ಸ್ಪಷ್ಟವಾಗಿದ್ದರೂ ಮಗುವಿನ ಕ್ಯಾರಿಯೋಟೈಪ್ ಪರೀಕ್ಷೆ, ಅಂದರೆ ಕ್ರೋಮೋಸೋಮ್‌ಗಳನ್ನು ಜೋಡಿಸಿ ಎಣಿಸಿ ನೋಡುವ ಪರೀಕ್ಷೆ, ಬೇಕೇ ಬೇಕು.

ಎಕ್ಸ್, ವೈ ವಿಷಯ ಬೇಗ ಮುಗಿಸೋಣ. ಟರ್ನರ್ ಸಿಂಡ್ರೋಮ್ ಅಂದರೆ ಒಂದೇ ಎಕ್ಸ್, ಕ್ಲೈನ್‌ಫೆಲ್ಟರ್ ಅಂದರೆ ಎಕ್ಸ್ ಎಕ್ಸ್ ವೈ. ಇಷ್ಟು ದೊಡ್ಡ ಕ್ರೋಮೋಸೋಮ್ ಹೆಚ್ಚು ಕಡಿಮೆಯಾದರೂ ಜನ ಬದುಕುತ್ತಾರೆ. ಏಕೆಂದರೆ ಒಂದಕ್ಕಿಂತ ಹೆಚ್ಚಿರುವ ಎಕ್ಸ್‌ಗಳನ್ನು ಜೀವಕೋಶ ಬಹುಮಟ್ಟಿಗೆ ಮೌನವಾಗಿಸುತ್ತದೆ. ಬ್ರಿಟಿಷ್ ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲಿ ವಿವರಿಸಿದ್ದು ಇದನ್ನೇ.

ಒಂದೇ ಜೀನ್‌ನ ಕಾಯಿಲೆಗಳಲ್ಲಿ ನಮ್ಮ ಕಡೆಯವರು ಹೆಚ್ಚು ತಿಳಿಯಬೇಕಾದದ್ದು ರಿಸೆಸಿವ್ ಬಗೆ, ಅಂದರೆ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬರುವಂಥದ್ದು. ರಕ್ತದ ಕಾಯಿಲೆಗಳಾದ ಥಲಸೇಮಿಯಾ ಮತ್ತು ಸಿಕಲ್ ಸೆಲ್, ಕೊನೆಗೆ ಹೇಳುವ ಫಿನೈಲ್‌ಕೀಟೊನ್ಯೂರಿಯಾ ಇದರಲ್ಲಿ ಸೇರುತ್ತವೆ. ಒಂದು ಪ್ರತಿ ಕೆಟ್ಟಿದ್ದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಂತ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಮುಂದಿನ ಮೂವರು ಕ್ಷೇಮ ಅನ್ನುವುದು ತಪ್ಪು ಲೆಕ್ಕ.

ಇಲ್ಲಿ ಸೋದರಸಂಬಂಧದ ಮದುವೆ ಬರುತ್ತದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ನಡೆದ ಅಧ್ಯಯನದಲ್ಲಿ ಮೂರರಲ್ಲಿ ಒಂದರಷ್ಟು ಮದುವೆ ಸಂಬಂಧದೊಳಗೇ ಆಗಿತ್ತು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ತುಂಬಾ ಸಾಮಾನ್ಯವಾಗಿತ್ತು. ಲೆಕ್ಕ ಹಾಕಿ ನೋಡೋಣ. ಅಜ್ಜಿ ಒಂದು ಕಾಯಿಲೆಯ ವಾಹಕಿ ಅಂದುಕೊಳ್ಳಿ. ಮಗ ವಾಹಕನಾಗುವ ಸಾಧ್ಯತೆ 1/2. ಮಗಳಿಗೂ 1/2, ಮೊಮ್ಮಗಳಿಗೆ 1/4. ಸೋದರಮಾವ ಮತ್ತು ಅಕ್ಕನ ಮಗಳು ಇಬ್ಬರೂ ವಾಹಕರಾಗುವುದು 1/2 × 1/4 = 1/8. ಅವರ ಮಗುವಿಗೆ ಕಾಯಿಲೆ ಬರುವುದು 1/8 × 1/4 = 1/32. ಅದೇ ಮೊಮ್ಮಗಳು ಹೊರಗಿನವನನ್ನು ಮದುವೆಯಾದಳು, ಊರಲ್ಲಿ ನೂರಕ್ಕೊಬ್ಬರು ವಾಹಕರು ಅಂತ ಇಟ್ಟುಕೊಳ್ಳಿ. ಆಗ 1/4 × 1/100 × 1/4 = 1/1600. ಐವತ್ತು ಪಟ್ಟು ವ್ಯತ್ಯಾಸ, ಅಲ್ವಾ? ಇಂಥ ಮದುವೆಯಾದವರಲ್ಲಿ ಹೆಚ್ಚಿನವರಿಗೆ ಆರೋಗ್ಯವಾದ ಮಕ್ಕಳೇ ಹುಟ್ಟುತ್ತಾರೆ ಎಂಬುದೂ ನಿಜ. ಹೆದರಿಸುವ ಬದಲು ಈ ಲೆಕ್ಕ ತೋರಿಸಿ, ಮದುವೆಗೆ ಮೊದಲೇ ಥಲಸೇಮಿಯಾ ವಾಹಕರ ರಕ್ತಪರೀಕ್ಷೆ ಮಾಡಿಸಿ ಅನ್ನುವುದು ಒಳ್ಳೆಯದು.

ಡುಶೇನ್ ಸ್ನಾಯುಕ್ಷಯ ಎಕ್ಸ್ ಮೇಲಿನ ಜೀನ್‌ನದು. ಗಂಡುಮಕ್ಕಳಿಗೆ ಇರುವುದು ಒಂದೇ ಎಕ್ಸ್, ಆದ್ದರಿಂದ ಬಾಧೆ ಅವರಿಗೇ ಜಾಸ್ತಿ. ನೆಲದಿಂದ ಏಳುವಾಗ ಹುಡುಗ ತೊಡೆಯ ಮೇಲೆ ಕೈಯೂರಿ ಏಳುತ್ತಿದ್ದರೆ ಶಿಕ್ಷಕರು ಗಮನಿಸಬೇಕು. ತಾಯಿ ವಾಹಕಿಯಾದರೆ ಪ್ರತಿ ಗಂಡುಮಗುವಿಗೂ ಸಾಧ್ಯತೆ ಅರ್ಧ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿ ವಾಹಕಿಯೇ ಅಲ್ಲ, ಬದಲಾವಣೆ ಹೊಸದು. ಕುಬ್ಜತೆಯ ಸಾಮಾನ್ಯ ಬಗೆಯಾದ ಅಕಾಂಡ್ರೋಪ್ಲೇಸಿಯಾದಲ್ಲಂತೂ ಸುಮಾರು ಶೇ. 80 ಮಕ್ಕಳ ತಂದೆ ತಾಯಿ ಸಾಮಾನ್ಯ ಎತ್ತರದವರು. ಇಲ್ಲಿ ಸಾಧ್ಯತೆ ಹೆಚ್ಚಿಸುವುದು ತಂದೆಯ ವಯಸ್ಸು. ಎಲ್ಲದಕ್ಕೂ ತಾಯಿಯನ್ನು ದೂರುವವರು ಇದನ್ನು ಓದಬೇಕು.

ಕೊನೆಗೆ ಬೆಳವಣಿಗೆ. ಫಿನೈಲ್‌ಕೀಟೊನ್ಯೂರಿಯಾದಲ್ಲಿ 12ನೇ ಕ್ರೋಮೋಸೋಮ್‌ನ ಒಂದು ಜೀನ್ ಕೆಲಸ ಮಾಡುವುದಿಲ್ಲ. ಊಟದ ಪ್ರೋಟೀನ್‌ನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶ ಒಡೆಯದೆ ರಕ್ತದಲ್ಲಿ ಸೇರಿ ಮಿದುಳಿಗೆ ಪೆಟ್ಟು ಕೊಡುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಹಿಮ್ಮಡಿಯಿಂದ ರಕ್ತ ತೆಗೆದು ಪತ್ತೆ ಮಾಡಿ, ಅದು ಕಡಿಮೆ ಇರುವ ಆಹಾರ ಕೊಟ್ಟರೆ ಮಗುವಿನ ಬುದ್ಧಿ ಸಾಮಾನ್ಯವಾಗಿಯೇ ಬೆಳೆಯುತ್ತದೆ. ಜೀನ್ ಬದಲಾಗಲಿಲ್ಲ, ಊಟ ಬದಲಾಯಿತು.

ಡೌನ್ ಮಕ್ಕಳಲ್ಲೂ ಹೀಗೇ ಯೋಚಿಸಬೇಕು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ಕಿವಿ ಸರಿಯಾಗಿ ಕೇಳದಿರುವುದು, ಥೈರಾಯ್ಡ್ ಕಡಿಮೆ ಇರುವುದು ಕೂಡ ಹೆಚ್ಚು. ಮಾತು ತಡವಾದಾಗ ‘ಆ ಕಾಯಿಲೆ ಮಕ್ಕಳು ಹಾಗೇ’ ಅಂತ ಬಿಟ್ಟುಬಿಟ್ಟರೆ, ಕಿವಿಯ ತಮಟೆಯ ಹಿಂದೆ ತುಂಬಿದ ನೀರು ಯಾರಿಗೂ ಕಾಣುವುದಿಲ್ಲ. ತರಗತಿಗೆ ಇಂಥ ಮಗು ಬಂದರೆ ನಾವು ಮೊದಲು ಕೇಳಬೇಕಾದದ್ದು ಕಿವಿ ಪರೀಕ್ಷೆಯ ವರದಿ, ನಂತರ ಈ ವರ್ಷದ ಥೈರಾಯ್ಡ್ ವರದಿ.